ಹತ್ತೊಂಬತ್ತನೆಯ ಪಾಠ

ಇಲ್ದಿಕೊ ಮೊದಲ ಸಲ ನನ್ನ ದೋಸೆ ಗಾಡಿಯ ಮುಂದೆ ನಿಂತು ನನ್ನನ್ನು "ಗೌರವಾನ್ವಿತ ಮಹಿಳೆಯೇ" ಎಂದು ಕರೆದಾಗ, ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಚೀನಾದ ಈ ನಮ್ಮ ತಿಯಾಂಜಿನ್‌ನಲ್ಲಿ ಹದಿನಾರರ ಹುಡುಗಿಯಾಗಲಿ, ಎಂಬತ್ತರ ಮುದುಕಿಯಾಗಲಿ, ಹೆಂಗಸೆಂದರೆ ಅಕ್ಕ. ಪಾಪ, ಹಂಗೇರಿಯಿಂದ ಬಂದ ಆ ಹುಡುಗಿ ಪುಸ್ತಕದಲ್ಲಿ ಇದ್ದದ್ದನ್ನು ಹೇಳಿದ್ದಳು. ಅವಳ ಮುಖ ಕೆಂಪೇರಿತು.

ಅವಳ ಹಿಂದೆಯೇ ಲು ಸುಯೂನ್ ನಿಂತಿದ್ದಳು. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದವಳು. ಅವಳ ಗಂಟಲು ಅಂದರೆ ಗಲ್ಲಿಯ ಆ ತುದಿಗೂ ಕೇಳಬೇಕು.

"ಏ ಹುಡುಗೀ, ಈ ಮೆಂಗ್ ಯಾವ ಸೀಮೆ ಗೌರವಾನ್ವಿತೆ? ಅಕ್ಕಾ ಅನ್ನು. 'ಅಕ್ಕಾ, ಒಂದು ದೋಸೆ, ಖಾರ ಕಮ್ಮಿ, ಈರುಳ್ಳಿ ಸೊಪ್ಪು ಜಾಸ್ತಿ.' ಎಲ್ಲಿ, ಹೇಳು ನೋಡೋಣ."

ಹುಡುಗಿ ಹೇಳಿದಳು. ಸ್ವರ ಏರಬೇಕಾದಲ್ಲಿ ಇಳಿಯಿತು; ನಮ್ಮ ಮಾತಿನಲ್ಲಿ ಹಾಗಾದರೆ ಅರ್ಥವೇ ಬೇರೆ. ಸುಯೂನ್ ಬಿಡಲಿಲ್ಲ, ಐದು ಸಲ ಹೇಳಿಸಿದಳು. ಹೆಸರುಹಿಟ್ಟು ಕಾವಲಿಯ ಮೇಲೆ ಸೀದು ಹೋಯಿತು, ಸಾಲಿನವರು ನನಗೆ ಬೈದರು. ಐದನೆಯ ಸಲ ಸರಿಹೋದಾಗ ಬೈದವರೇ ಚಪ್ಪಾಳೆ ತಟ್ಟಿದರು.

ಹಾಗೆ ಶುರುವಾಯಿತು. ಇಲ್ದಿಕೊ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಓದಿಗೆ ಬಂದವಳು. ತರಗತಿ ಮುಗಿದ ಮೇಲೆ ನೇರವಾಗಿ ಸುಯೂನ್ ಮನೆಗೆ ಬರುತ್ತಿದ್ದಳು. ಸುಯೂನ್ ಅವಳಿಗೆ ಯೀಲಾನ್ ಎಂದು ಹೆಸರಿಟ್ಟಳು. ಪುಸ್ತಕ ಮುಟ್ಟಲು ಬಿಡಲಿಲ್ಲ. ಸೊಪ್ಪಿನ ಮಾರುಕಟ್ಟೆಗೆ, ಹಲ್ಲಿನ ಡಾಕ್ಟರ ಹತ್ತಿರ, ಕ್ಷೌರದಂಗಡಿಗೆ, ಬಾಣಂತಿ ನೋಡಲು, ಸಾವಿನ ಮನೆಗೆ, ಎಲ್ಲ ಕಡೆಗೂ ಕೈ ಹಿಡಿದು ಕರೆದುಕೊಂಡು ಹೋದಳು.

"ಕೋಸು ಹಿಡಕೊಂಡು ಗೊಂಬೆ ಥರ ನಿಲ್ಲಬೇಡ. ಮೊದಲು ಕೋಸಿನಲ್ಲಿ ಒಂದು ಕೊಂಕು ತೆಗಿ, ಆಮೇಲೆ ರೇಟು ಕೇಳು."

"ಊಟ ಆಯ್ತಾ ಅಂದ್ರೆ ಆಯ್ತು ಅನ್ನು ಅಷ್ಟೇ. ಏನೇನು ತಿಂದೆ ಅಂತ ವರದಿ ಕೊಡಬೇಡ."

"ಯಾರಾದ್ರೂ ಹೊಗಳಿದ್ರೆ ಒಪ್ಕೋಬೇಡ. ಒಪ್ಕೊಂಡ್ರೆ ದುರಹಂಕಾರಿ ಅಂತಾರೆ."

ಇಲ್ದಿಕೊ ಫೋನು ಯಾವಾಗಲೂ ಮೇಜಿನ ಮೇಲೆ ಇರುತ್ತಿತ್ತು, ಮಾತು ಮುದ್ರಿಸಿಕೊಳ್ಳುತ್ತ. "ರೂಮಿಗೆ ಹೋಗಿ ಮತ್ತೆ ಕೇಳ್ತೀನಿ ಲು ಟೀಚರ್, ಕಿವಿ ಪಳಗಬೇಕು" ಅನ್ನುತ್ತಿದ್ದಳು. ಮೊದಮೊದಲು ಸುಯೂನ್ ಅದರ ಮುಂದೆ ರೇಡಿಯೋದವರ ಹಾಗೆ ಗಂಟಲು ಸರಿಮಾಡಿಕೊಂಡು ಮಾತಾಡುತ್ತಿದ್ದಳು. ಆಮೇಲೆ ಅದೂ ಟೀ ಲೋಟದ ಹಾಗೆ ಅಲ್ಲಿ ಬಿದ್ದಿರುವ ಇನ್ನೊಂದು ವಸ್ತುವಾಯಿತು.

ಸುಯೂನ್‌ಗೆ ಆ ಹುಡುಗಿ ಯಾಕೆ ಅಷ್ಟು ಹತ್ತಿರವಾದಳೆಂದು ಗಲ್ಲಿಯವರಿಗೆಲ್ಲ ಗೊತ್ತಿತ್ತು. ಸ್ವಂತ ಮಗಳು ರುಯಿ ದೂರದ ಚೆಂಗ್ಡುವಿನಲ್ಲಿದ್ದಳು. ವಾರಕ್ಕೊಮ್ಮೆ ಫೋನು ಮಾಡಿ "ಹುಷಾರಾಗಿದೀಯಾ, ನಾನೂ ಹುಷಾರಾಗಿದೀನಿ" ಎಂದು ಇಟ್ಟುಬಿಡುವವಳು. ಅದಕ್ಕೂ ಕಾರಣವಿತ್ತು. ರುಯಿ ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ ಬರೆಯುತ್ತಿದ್ದ ಮೊದಲ ದಿನವೇ ಅವಳಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುಯೂನ್ ಎರಡು ದಿನ ಸಾವನ್ನು ಮುಚ್ಚಿಟ್ಟಳು. ಪರೀಕ್ಷೆ ಮುಗಿಸಿ ಹೊರಬಂದ ಹುಡುಗಿಗೆ ಶಾಲೆಯ ಗೇಟಿನಲ್ಲೇ ಹೇಳಿದಳು. ಇದರಲ್ಲಿ ಗಲ್ಲಿಯವರು ಯಾರೂ ಅವಳನ್ನು ದೂರಲಿಲ್ಲ. ಹತ್ತು ಮನೆಯಲ್ಲಿ ಎಂಟು ಮನೆಯವರು ಹಾಗೇ ಮಾಡುತ್ತಿದ್ದರು. "ಅವರಿಗೆ ಪ್ರಜ್ಞೆಯೇ ಇರಲಿಲ್ಲ ಕಣೇ, ನೀನು ಬಂದಿದ್ರೂ ಗುರುತು ಸಿಗ್ತಿರಲಿಲ್ಲ" ಎಂದು ಅಮ್ಮ ಹೇಳಿದ ಒಂದೇ ಮಾತನ್ನು ಹಿಡಿದುಕೊಂಡು ರುಯಿ ಹೇಗೋ ಅದನ್ನು ನುಂಗಿಕೊಂಡಿದ್ದಳು.

ಇಲ್ದಿಕೊ ಊರಿಗೆ ಮರಳಿದ ದಿನ ಸುಯೂನ್ ನಿಲ್ದಾಣದಲ್ಲಿ ಅತ್ತಳು. ಹೊಸ ವರ್ಷಕ್ಕೆ ಅವಳಿಂದ ಶುಭಾಶಯ ಬಂತು. ತಪ್ಪಿಲ್ಲದ ಚೀನೀ ಅಕ್ಷರಗಳಲ್ಲಿ. ಸುಯೂನ್ ಅದನ್ನು ಕ್ಷೌರದಂಗಡಿಯವನಿಗೂ ತೋರಿಸಿದಳು.

ಒಂದು ವರ್ಷ ಕಳೆದಿರಬೇಕು. ಆ ಕ್ಷೌರದಂಗಡಿಯವನೇ ಒಂದು ದಿನ ಫೋನು ಹಿಡಿದು ಓಡಿಬಂದ. "ಮೆಂಗಕ್ಕಾ, ನೀನು ಇದರೊಳಗಿದೀಯ!" ಇಲ್ದಿಕೊ ತನ್ನ ದೇಶದವರಿಗೆ ಚೀನೀ ಮಾತು ಕಲಿಸುವ ಇಪ್ಪತ್ತನಾಲ್ಕು ಪಾಠ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಳು. ಮೊದಲನೆಯ ಪಾಠದಲ್ಲಿ ನನ್ನ ಕಾವಲಿ ಕೆರೆಯುವ ಸದ್ದು, ನನ್ನದೇ ಧ್ವನಿ: "ಬೇಗ ಹೇಳೇ ತಾಯಿ, ಹಿಟ್ಟು ಸೀಯ್ತಿದೆ." ನನಗೆ ಕುಣಿಯಬೇಕು ಅನ್ನಿಸಿತು. ಮೂರು ಪಾಠ ಕೇಳಿ, ಗೊತ್ತಿದ್ದವರಿಗೆಲ್ಲ ಕಳಿಸಿಬಿಟ್ಟೆ. ನನ್ನ ತಮ್ಮನಿಗೆ, ನಾದಿನಿಗೆ. ರುಯಿಗೂ. ಚಿಕ್ಕವಳಿದ್ದಾಗ ನನ್ನ ಗಾಡಿಯ ಪಕ್ಕ ಕೂತು ತಿಂದು ಬೆಳೆದ ಹುಡುಗಿ ಅವಳು, ನನ್ನನ್ನು ಚಿಕ್ಕಮ್ಮ ಅನ್ನುವವಳು. "ನೋಡೇ, ನಿಮ್ಮಮ್ಮ ಲೋಕಕ್ಕೆಲ್ಲ ಟೀಚರಾಗಿಬಿಟ್ಟಳು" ಎಂದು ಬರೆದು ಕಳಿಸಿದೆ.

ನಾಲ್ಕು ದಿನದ ಮೇಲೆ ರುಯಿ ಫೋನು ಮಾಡಿದಳು.

"ಚಿಕ್ಕಮ್ಮ, ಹತ್ತೊಂಬತ್ತನೇ ಪಾಠ ಕೇಳಿದ್ರಾ?"

"ಇಲ್ಲ ಕಣೇ. ಯಾಕೆ?"

"ಕೇಳಿ." ಫೋನು ಇಟ್ಟಳು.

ಗಾಡಿಗೆ ಬಟ್ಟೆ ಮುಚ್ಚಿ ಕೂತು ಕೇಳಿದೆ. ಪಾಠದ ಹೆಸರು "ಪಶ್ಚಾತ್ತಾಪ ಹೇಳಿಕೊಳ್ಳುವ ಬಗೆ". ಕಾಗದ ಮಡಿಸುವ ಸರಸರ ಸದ್ದು. ಸಮಾಧಿ ಗುಡಿಸುವ ಹಬ್ಬಕ್ಕೆ ಮುಂಚೆ ಸತ್ತವರಿಗೆ ಸುಡಲು ಚಿನ್ನದ ಬಣ್ಣದ ಕಾಗದ ಮಡಿಸುತ್ತೇವಲ್ಲ, ಆ ಸದ್ದು. ಅದರ ಮೇಲೆ ಸುಯೂನ್ ಧ್ವನಿ. ಅಷ್ಟು ಸಣ್ಣ ಧ್ವನಿಯಲ್ಲಿ ಅವಳು ಮಾತಾಡಿದ್ದನ್ನು ಮೂವತ್ತು ವರ್ಷದಲ್ಲಿ ನಾನು ಕೇಳಿರಲಿಲ್ಲ.

"ಅವರಿಗೆ ಪ್ರಜ್ಞೆ ಇತ್ತು ಯೀಲಾನ್. ಯಾರಿಗೂ ಹೇಳಿಲ್ಲ ನಾನು. ಮೂರು ಸಲ ಕೇಳಿದರು, 'ನನ್ನ ಮಗಳು ಬಂದಳಾ?' ಅಂತ. ಸಂಜೆ ಬರ್ತಾಳೆ ಅಂದೆ. ಹುಡುಗಿ ಎರಡೇ ಕಿಲೋಮೀಟರ್ ಆಚೆ ಗಣಿತ ಬರೀತಿದ್ದಳು. ಕರೆಸಬಹುದಿತ್ತು. ಕರೆಸಲಿಲ್ಲ."

ಆಮೇಲೆ ಇಲ್ದಿಕೊ ಧ್ವನಿ ಬಂತು, ನಮ್ಮ ಮಾತಿನಲ್ಲೇ, ಸ್ಪಷ್ಟವಾಗಿ, ಟೀಚರಮ್ಮನ ಹಾಗೆ. "ಈಗ ನೀವೂ ಹೇಳಿ: ನನ್ನ ಮಗಳು ಬಂದಳಾ?" ಕೇಳುವವರು ಹೇಳಲೆಂದು ಸ್ವಲ್ಪ ಹೊತ್ತು ಮೌನ. "ಇನ್ನೊಮ್ಮೆ: ನನ್ನ ಮಗಳು ಬಂದಳಾ?" ಮತ್ತೆ ಮೌನ. "ಕೊನೆಯ ಸ್ವರ ನೋಡಿಕೊಳ್ಳಿ. ನನ್ನ ಮಗಳು ಬಂದಳಾ?"

ಪಾಠ ಮುಗಿಯುವ ಮುಂಚೆಯೇ ಎದ್ದು ಸುಯೂನ್ ಮನೆಗೆ ಓಡಿದೆ.

ನಾನು ಹೋಗುವಷ್ಟರಲ್ಲಿ ರುಯಿ ಅಮ್ಮನಿಗೂ ಫೋನು ಮಾಡಿ ಆಗಿತ್ತು. ಸುಯೂನ್ ಮಂಚದ ಅಂಚಿನಲ್ಲಿ ಕೂತಿದ್ದಳು, ಕಾಲಿನಲ್ಲಿ ಒಂದೇ ಚಪ್ಪಲಿ.

"'ಊರವರ ಬಾಯಲ್ಲೆಲ್ಲ ನಮ್ಮಪ್ಪನ ಮಾತಿದೆ, ನನಗೊಬ್ಬಳಿಗೇ ಗೊತ್ತಿರಲಿಲ್ಲ' ಅಂದಳು" ಎಂದಳು ಸುಯೂನ್. "ಆಮೇಲೆ 'ಇನ್ಮೇಲೆ ಫೋನ್ ಮಾಡಬೇಡ' ಅಂದಳು."

"ಆ ಹಂಗೇರಿಯವಳಿಗೆ ಫೋನ್ ಹಚ್ಚು" ಅಂದೆ. ನನಗೆ ಉರಿಯುತ್ತಿತ್ತು.

ಪರದೆಯ ಮೇಲೆ ಇಲ್ದಿಕೊ ನಗುತ್ತ ಬಂದಳು. "ಲು ಟೀಚರ್! ಊಟ ಆಯ್ತಾ?"

"ಹತ್ತೊಂಬತ್ತನೇದು ಯಾಕೆ ಹಾಕಿದೆ?"

ನಗು ನಿಧಾನವಾಗಿ ಇಳಿಯಿತು. "ಹೆಸರು ಹಾಕಿಲ್ಲವಲ್ಲ ಟೀಚರ್. ಎಲ್ಲಕ್ಕಿಂತ ಒಳ್ಳೆ ಪಾಠ ಅದೇ. ಕಲಿಯೋರು ಕಣ್ಣೀರು ಹಾಕ್ತಾರೆ. ಪುಸ್ತಕದಲ್ಲಿ ಅಂಥ ಮಾತು ಸಿಗೋದೇ ಇಲ್ಲ ಅಂತ ಬರೀತಾರೆ."

"ನನ್ನನ್ನ ಕೇಳಿದ್ಯಾ?"

"ಫೋನು ಮೇಜಿನ ಮೇಲೇ ಇತ್ತು. ನಿಮಗೆ ಗೊತ್ತಿತ್ತು."

ಸುಯೂನ್ ಕೂಗಾಡುತ್ತಾಳೆ ಅಂದುಕೊಂಡೆ. ಬಸ್ಸಿನಲ್ಲಿ ಕುಡುಕರ ಕಾಲರ್ ಹಿಡಿದು ಇಳಿಸಿದವಳು ಅವಳು. ಆದರೆ ಕೂಗಲಿಲ್ಲ.

"ಗೊತ್ತಿತ್ತು" ಅಂದಳು. "ಆವತ್ತು ನಾನು ಅಳ್ತಿದ್ದೆ ಯೀಲಾನ್. ನೀನು ನನ್ನ ಬೆನ್ನು ಸವರ್ತಿದ್ದೆ. ಪಾಠ ಮಾಡ್ತಿದೀನಿ ಅಂತ ನನಗನ್ನಿಸಿರಲಿಲ್ಲ. ನಿನಗೆ ಹಾಗನ್ನಿಸಿತ್ತಾ?"

ಇಲ್ದಿಕೊ ತಲೆ ತಗ್ಗಿಸಿದಳು. "ತೆಗೆದುಹಾಕ್ತೀನಿ" ಅಂದಳು. "ಕ್ಷಮಿಸಿ ಟೀಚರ್." ಆ ಕ್ಷಮೆಯಲ್ಲಿ ಒಂದೇ ಒಂದು ಸ್ವರ ತಪ್ಪಿರಲಿಲ್ಲ. ಕಲಿಸಿದವಳು ಸುಯೂನ್ ತಾನೇ. ಅದನ್ನು ಕೇಳುತ್ತಿದ್ದಂತೆ ಅವಳು ಫೋನನ್ನು ಬೋರಲು ಮಲಗಿಸಿಬಿಟ್ಟಳು.

ಪಾಠವನ್ನು ತೆಗೆದದ್ದು ನಿಜ. ಆದರೆ ಅಷ್ಟರಲ್ಲಿ ಯಾರ್ಯಾರೋ ಇಳಿಸಿಕೊಂಡಿದ್ದರು. ಹದಿನೈದು ದಿನದ ನಂತರವೂ ಬೇರೆ ಕಡೆ ಸಿಗುತ್ತಿತ್ತು. ಗಲ್ಲಿಯ ಹೆಂಗಸರು ಸುಯೂನ್‌ನ ಕಂಡರೆ ತರಕಾರಿ ಚೀಲದೊಳಗೆ ಏನೋ ಹುಡುಕುವವರ ಹಾಗೆ ನಿಲ್ಲುತ್ತಿದ್ದರು. ಅವಳು ಹೊರಗೆ ಬರುವುದನ್ನೇ ಕಡಿಮೆ ಮಾಡಿದಳು.

ಎರಡು ತಿಂಗಳಾದ ಮೇಲೆ ರುಯಿ ಬಂದಳು, ಹೇಳದೆ ಕೇಳದೆ, ಒಂದೇ ಒಂದು ದಿನಕ್ಕೆ. ಬಾಗಿಲು ಹಾಕಿಕೊಂಡು ತಾಯಿ ಮಗಳು ಕೂತರು. ಆಮೇಲೆ ಸುಯೂನ್ ನನಗೆ ಹೇಳಿದ್ದಿಷ್ಟು: ರುಯಿ ಜಗಳವಾಡಲಿಲ್ಲ. ಮೊದಲಿನಿಂದ ಹೇಳು ಅಂದಳಂತೆ. ಅಪ್ಪ ಯಾವ ಕಡೆ ತಿರುಗಿ ಮಲಗಿದ್ದರು, ನೀರು ಕೇಳಿದರಾ, ಮೂರನೇ ಸಲ ಕೇಳಿದಾಗ ಗಂಟೆ ಎಷ್ಟಾಗಿತ್ತು. ಸುಯೂನ್ ಎಲ್ಲವನ್ನೂ ಹೇಳಿದಳು. ಕೊನೆಗೆ ರುಯಿ ಕೇಳಿದಳಂತೆ: "ನನಗೆ ಹದಿನಾಲ್ಕು ವರ್ಷ ಹೇಳದೇ ಇದ್ದದ್ದನ್ನ ಅವಳಿಗೆ ಹೇಗೆ ಹೇಳಿದೆ?"

"ಅವಳಿಗೆ ಅರ್ಧ ಮಾತು ಅರ್ಥವಾಗಲ್ಲ ಅಂದ್ಕೊಂಡಿದ್ದೆ" ಅಂದಳಂತೆ ಸುಯೂನ್.

ರುಯಿ ಅಪ್ಪನ ಹಳೆಯ ಫೋಟೋ ಒಂದನ್ನು ತೆಗೆದುಕೊಂಡು ಸಂಜೆಯ ರೈಲಿಗೆ ಹೊರಟಳು. ಈಗ ಮತ್ತೆ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮೊದಲಿಗಿಂತ ಒಂದೆರಡು ಮಾತು ಹೆಚ್ಚು ಆಡುತ್ತಾಳೆ. ಕ್ಷಮಿಸಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.

ರುಯಿಗೆ ಅದನ್ನು ಕಳಿಸಿದವಳು ನಾನು ಅನ್ನುವುದನ್ನು ನಾನು ಸುಯೂನ್‌ಗೆ ಹೇಳಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳ ಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಾಗ ಬಾಯಿಬಿಟ್ಟೆ.

"ಅಕ್ಕಾ, ಆ ಪಾಠ ರುಯಿಗೆ ಕಳಿಸಿದ್ದು ನಾನು. ಪೂರ್ತಿ ಕೇಳಿರಲಿಲ್ಲ. ಆಣೆ ಮಾಡಿ ಹೇಳ್ತೀನಿ."

ಅವಳ ಕೈ ನಿಲ್ಲಲಿಲ್ಲ. "ಗೊತ್ತು. ಮೊದಲನೇ ದಿನವೇ ಅವಳು ಹೇಳಿದ್ದಳು."

"ಮತ್ತೆ ನನ್ನನ್ನ ಯಾಕೆ ಏನೂ ಕೇಳಲಿಲ್ಲ?"

"ನೀನಾಗೇ ಹೇಳ್ತೀಯೇನೋ ಅಂತ ನೋಡ್ತಿದ್ದೆ. ಮೂರು ತಿಂಗಳು ನೋಡಿದೆ."

ಹುರುಳಿಕಾಯಿ ಮುಗಿಯುವವರೆಗೂ ಇಬ್ಬರೂ ನಾರು ತೆಗೆದೆವು. ಆಮೇಲೆ ಅವಳು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಿಲ್ಲು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಈಗಲೂ ಸಿಕ್ಕಾಗ ಮಾತಾಡುತ್ತೇವೆ. ಚಳಿ ಜಾಸ್ತಿಯಾಯಿತು, ಮೀನು ತಾಜಾ ಇಲ್ಲ, ಹೊಸ ಬಸ್ಸಿನ ಡ್ರೈವರು ಸರಿಯಿಲ್ಲ. ಅಷ್ಟೇ. ಮನೆಯ ಮಾತನ್ನು ಸುಯೂನ್ ನನ್ನ ಹತ್ತಿರ ಎತ್ತುವುದಿಲ್ಲ, ಕೇಳಲು ನನಗೂ ಬಾಯಿ ಬರುವುದಿಲ್ಲ.