ಮಡಿ ಕಾರು

“ನಾನು ದೊಡ್ಡವನಾದ್ಮೇಲೆ ಕಾರು ತಗೋತೀನಿ ಅತ್ತೆ. ಯಾರೂ ನಿನ್ನ ಮುಟ್ಟದ ಹಾಗೆ ತಿರುವೊಟ್ಟಿಯೂರಿಗೆ ಕರ್ಕೊಂಡು ಹೋಗ್ತೀನಿ.”

ಬದರಿನಾಥ ಈ ಮಾತು ಕೊಟ್ಟಾಗ ಅವನಿಗಿನ್ನೂ ಮುಂಜಿ ಆಗಿರಲಿಲ್ಲ. ತಾಯಿಯಿಲ್ಲದ ಅವನನ್ನು ಸಾಕಿದ ಸೋದರತ್ತೆ ರಮಾಬಾಯಿ ಕಟ್ಟಾ ಮಡಿ ಹೆಂಗಸು. ಟ್ರಾಮು ಹತ್ತಿದರೆ ನಾಲ್ಕು ಜನ ಮೈ ತಾಕಿಸುತ್ತಾರೆಂದು ತಿರುವಲ್ಲಿಕ್ಕೇಣಿಯಿಂದ ಪಟ್ಟಣದ ಇನ್ನೊಂದು ತುದಿಯ ತಿರುವೊಟ್ಟಿಯೂರಿನ ಅಕ್ಕನ ಮನೆಗೆ ಕಡಲ ದಂಡೆ ಹಿಡಿದು ನಡೆದೇ ಹೋಗುತ್ತಿದ್ದಳು. ಹಾಗೆ ಹೋಗಿಬಂದು, ಜಗಲಿಯ ಮೇಲೆ ಕೂತು ಬೊಬ್ಬೆಯೆದ್ದ ಪಾದಗಳಿಗೆ ಹರಳೆಣ್ಣೆ ಸವರಿಕೊಳ್ಳುತ್ತಿದ್ದಾಗ ಹುಡುಗ ಹೇಳಿದ್ದು. ಅತ್ತೆ ನಕ್ಕಿದ್ದಳು. ಆದರೆ ಮರೆಯಲಿಲ್ಲ. ಮಂಡಿನೋವು ಬಂದು ಆ ನಡಿಗೆಯೂ ನಿಂತ ಮೇಲಂತೂ, ಹಬ್ಬದ ದಿನ ಎಲೆಯ ಮುಂದೆ ಕೂತಾಗೆಲ್ಲ, “ಏನೋ ಬದರೀ, ನನ್ನ ಕಾರು ಎಲ್ಲೀವರೆಗೆ ಬಂತೋ?” ಎಂದು ಕೇಳುವಳು.

ಈಗ ಅದು ಬಾಗಿಲಿಗೇ ಬಂದು ನಿಂತಿತ್ತು.

ಬೆಣ್ಣೆ ಬಣ್ಣದ ಬೇಬಿ ಕಾರು. ಎರಡೇ ಬಾಗಿಲು. ಎದುರುಮನೆಯ ಹಸು ಪಕ್ಕದಲ್ಲಿ ನಿಂತರೆ ಹಸುವೇ ದೊಡ್ಡದಾಗಿ ಕಾಣುತ್ತಿತ್ತು. ಹಾರನ್ ಒತ್ತಿದರೆ ಮೇಕೆಮರಿ ಕೂಗಿದ ಹಾಗಾಗುತ್ತಿತ್ತು. ಒಳಗೆ ಕೂರುವುದೆಂದರೆ ಕೂರುವುದಲ್ಲ, ಅಂಗಿ ತೊಟ್ಟುಕೊಂಡ ಹಾಗೆ; ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಉಳಿದದ್ದು. ಗೇರು ಬದಲಿಸಿದಾಗೆಲ್ಲ ಮೊಣಕೈ ಪಕ್ಕದವರ ಪಕ್ಕೆಗೆ ತಿವಿಯಬೇಕು, ಬೇರೆ ದಾರಿಯೇ ಇಲ್ಲ. ಆದರೆ ಹೊಸ ಬಣ್ಣದ ಆ ವಾಸನೆ, ಕಾಲಡಿಯ ತಗಡು ಗುಂಯ್ ಎಂದು ನಡುಗುತ್ತಲೇ ಬೀದಿ ತಾನಾಗಿ ಹಿಂದಕ್ಕೆ ಸರಿಯುವ ಆ ಗಳಿಗೆ! ವಿಮಾ ಕಚೇರಿಯ ಕಡತಗಳಲ್ಲಿ ಬೆನ್ನು ಬಗ್ಗಿಸಿ ಕೂದಲು ಹಣ್ಣು ಮಾಡಿಕೊಂಡ ಬದರಿನಾಥ, ಬೆಳಗ್ಗೆ ಎದ್ದವನೇ ದೇವರಿಗೂ ಮೊದಲು ಕಿಟಕಿಯಿಂದ ಇಣುಕಿ ಕಾರು ಇದೆಯೇ ಎಂದು ನೋಡುತ್ತಿದ್ದ.

ಬೇರೆ ಯಾರನ್ನೂ ಅವನಿನ್ನೂ ಕೂರಿಸಿಕೊಂಡಿರಲಿಲ್ಲ. ಮಗಳು ಸುಮತಿ ಅತ್ತು ರಂಪ ಮಾಡಿದರೂ ಮೊದಲ ಸವಾರಿ ಅತ್ತೆಗೇ ಎಂದಿದ್ದ.

ಭಾನುವಾರ ಅತ್ತೆ ಹೊರಗೆ ಬಂದು, ಕೆಂಪು ಸೀರೆಯ ಸೆರಗು ಬಿಗಿಮಾಡಿಕೊಂಡು, ಕಾರನ್ನು ಒಂದು ಸುತ್ತು ಬಂದಳು. “ಸೀಟು ತೊಗಲಿಂದಲ್ವೇನೋ?”

“ರೆಕ್ಸಿನ್ ಅತ್ತೆ. ಬಟ್ಟೆ ಮೇಲೆ ಬಣ್ಣ ಬಳಿದದ್ದು.”

ಅತ್ತೆ ಬಾಗಿ ಮೂಸಿದಳು. “ಚಪ್ಪಲಿ ಅಂಗಡಿ ವಾಸನೆ.”

ಸರಿ, ಸೀಟಿನ ಮೇಲೆ ಊಟದ ಮಣೆ ಇಟ್ಟದ್ದಾಯಿತು. ಅತ್ತೆ ಹತ್ತಿ ಕೂತಳು. ತಲೆ ಮೇಲಿನ ತಗಡಿಗೆ ಠಣ್ಣೆಂದು ಬಡಿಯಿತು. “ಪಾಟ್ಟಿ ತಲೈ ಇಡಿಕ್ಕಿದು!” ಅಜ್ಜಿ ತಲೆ ಬಡಿಯುತ್ತೆ ಎಂದು ಸುಮತಿ ತಮಿಳಿನಲ್ಲಿ ಕಿರುಚಿ ಕುಣಿದಳು. ಆಗ ಬದರಿನಾಥನ ಹೆಂಡತಿ ತುಂಗಾ ಒಳಗಿನಿಂದಲೇ ಕೂಗಿದಳು: “ಏನೂಂದ್ರೆ, ಮಾವನವರ ಕೃಷ್ಣಾಜಿನ ಹಾಸಬಾರದೇ?”

“ಜಿಂಕೆ ಚರ್ಮ ತೊಗಲಲ್ಲದೆ ಇನ್ನೇನೇ?” ಎಂದ ಬದರಿನಾಥ.

“ಅದು ಮಡಿ ತೊಗಲು ಕಣೋ, ಬಾಯ್ಮುಚ್ಚು,” ಎಂದು ಅತ್ತೆ ತೀರ್ಪು ಕೊಟ್ಟಳು.

ಮಣೆ ತೆಗೆದು ಕೃಷ್ಣಾಜಿನ ಹಾಸಿದರು. ತಲೆಗೂ ತಗಡಿಗೂ ಎರಡು ಬೆರಳು ಜಾಗ ಸಿಕ್ಕಿತು. ಆದರೆ ಪಕ್ಕದಲ್ಲಿ ಬಂದು ಕೂತ ಬದರಿನಾಥನ ಷರಟನ್ನೂ ಮೊಣಕೈಯನ್ನೂ ಅತ್ತೆ ನೋಡಿದ ರೀತಿಯಲ್ಲೇ ಅವನಿಗೆ ಮುಂದಿನದು ಹೊಳೆದುಬಿಟ್ಟಿತು.

“ಷರಟು ಬಿಚ್ಚೋದು ಬೇಡ ಅತ್ತೆ. ಬೀಚ್ ರೋಡಲ್ಲಿ ನಮ್ಮ ಆಫೀಸಿನವರು ಓಡಾಡ್ತಾರೆ.”

“ಸ್ನಾನ ಮಾಡಿದ ಮನುಷ್ಯನ್ನ ಅವರು ನೋಡೇ ಇಲ್ವೇನು? ಹೋಗು, ಮಡಿ ಉಟ್ಟು ಬಾ. ಇನ್ನೊಂದು ಮಾತು ಕೇಳು. ದಾರೀಲಿ ಯಾರ ಕೈಯಾದರೂ ತಾಕಿತೋ, ಅಲ್ಲಿಂದಲೇ ತಿರುಗಿಸಿಬಿಡು. ಮೈಲಿಗೇಲಿ ಅಕ್ಕನ ಹೊಸಲು ತುಳಿಯೋಳಲ್ಲ ನಾನು.” ದನಿ ಇಳಿಸಿದಳು. “ಜಯಕ್ಕನಿಗೆ ಕಣ್ಣು ಮಂಜಾಗ್ತಿದೆಯಂತೆ. ನನ್ನ ಮುಖ ಇನ್ನೂ ಗುರುತು ಸಿಗೋವಾಗಲೇ ಹೋಗ್ಬೇಕು ಕಣೋ.”

ಬದರಿನಾಥ ಷರಟು ಕಳಚಿ ಬಾವಿಕಟ್ಟೆಗೆ ಹೋದ.

ಹೀಗಾಗಿ ಆ ದಿನ ಬೀಚ್ ರೋಡಿನಲ್ಲಿ ಹೋದವರು ಒಂದು ವಿಚಿತ್ರ ಕಂಡರು. ಬೆಂಕಿಪೆಟ್ಟಿಗೆಯಂಥ ಕಾರು, ಒಳಗೆ ಒದ್ದೆ ಪಂಚೆಯುಟ್ಟು, ಬರಿಮೈಯಲ್ಲಿ, ಎದೆತೋಳಿಗೆಲ್ಲ ಗೋಪಿಚಂದನದ ಮುದ್ರೆ ಒತ್ತಿಕೊಂಡು ಚಕ್ರ ಹಿಡಿದ ಒಬ್ಬ ಗುಮಾಸ್ತ, ಪಕ್ಕದಲ್ಲಿ ಜಿಂಕೆ ಚರ್ಮದ ಮೇಲೆ ತಪಸ್ಸಿಗೆ ಕೂತಂತೆ ಕೂತ ಮುದುಕಿ. ಕೂಡುರಸ್ತೆಯ ಪೊಲೀಸು ಕೈ ತೋರಿಸುವುದು ಮರೆತು ಕೈ ಮುಗಿದ. ಮೊದಮೊದಲು ಬದರಿನಾಥ ನಾಚಿಕೆಯಿಂದ ಕುಗ್ಗಿದ್ದ. ಆದರೆ ಕಡಲಗಾಳಿ ಒದ್ದೆ ಮೈಗೆ ಬೀಸುತ್ತಿದ್ದಂತೆ, ಷರಟು ತೊಟ್ಟು ಕಾರು ಓಡಿಸುವವರೆಲ್ಲ ಏನನ್ನೋ ಕಳೆದುಕೊಂಡಿದ್ದಾರೆ ಅನ್ನಿಸತೊಡಗಿತು.

“ಆ ಜಟಕಾ ಹಿಂದೆ ಬಿತ್ತು ನೋಡೋ!” ಅತ್ತೆ ಮಗುವಿನಂತೆ ಹಿಂದೆ ತಿರುಗಿ ನೋಡಿದಳು. “ಇನ್ನೂ ಕೊಂಚ ಸೀಕ್ರ ಬಿಡು. ಆ ಬಸ್ಸನ್ನೂ ಹಿಂದೆ ಹಾಕು.”

“ಅದು ಬಸ್ಸು ಅತ್ತೆ!”

“ಇರಲಿ ಬಿಡು. ಪಾಪ, ಅದರೊಳಗೆ ಎಷ್ಟು ಜನ ಎಷ್ಟು ಜನಾನ್ನ ಮುಟ್ಟಿಕೊಂಡು ನಿಂತಿದಾರೋ!”

ಎಡವಟ್ಟಾದದ್ದು ಪ್ಯಾರೀಸ್ ಕಾರ್ನರಿನ ಕೂಡುರಸ್ತೆಯಲ್ಲಿ. ಹೊರಡುವಾಗ ಎಳೆದ ಚೋಕನ್ನು, ಪೆಟ್ರೋಲು ಹೆಚ್ಚು ಬಿಡುವ ಆ ಗುಂಡಿಯನ್ನು, ಒಳಗೆ ತಳ್ಳುವುದು ಬದರಿನಾಥನಿಗೆ ಸಂಭ್ರಮದಲ್ಲಿ ಮರೆತೇ ಹೋಗಿತ್ತು. ಕಾರು ಪೆಟ್ರೋಲು ಕುಡಿದು ಕುಡಿದು, ಎರಡು ಸಲ ಕೆಮ್ಮಿ, ನಡುರಸ್ತೆಯಲ್ಲಿ ಸುಮ್ಮನಾಯಿತು. ಹಿಂದೆ ಲಾರಿ, ಅದರ ಹಿಂದೆ ಎತ್ತಿನಗಾಡಿ, ಕೈಗಾಡಿ, ಬೈಗುಳ. ಬಂದರಿನ ಕಡೆಯಿಂದ ಬರುತ್ತಿದ್ದ ಕೂಲಿಗಳು ಸುತ್ತ ನೆರೆದರು. ತಲೆಯ ಮೇಲೆ ಬಾಳೆಹಣ್ಣಿನ ಬುಟ್ಟಿ ಹೊತ್ತ ಒಬ್ಬ ದಪ್ಪ ಹೆಂಗಸೂ ಬಂದಳು.

“ಸಾಮೀ, ಇದು ಕಾರಾ, ಪೂಜೆ ಪೆಟ್ಟಿಗೆಯಾ?” ಎಂದ ಒಬ್ಬ ತಮಿಳಿನಲ್ಲಿ.

“ತಳ್ಳಪ್ಪಾ ಒಂಚೂರು,” ಬದರಿನಾಥ ಗೋಗರೆದ. “ಹಿಂದಿನಿಂದ ತಳ್ಳಿ. ಕಿಟಕಿ ಹತ್ತಿರ ಮಾತ್ರ ಬರಬೇಡಿ.”

“ಇದನ್ನೇನು ತಳ್ಳೋದು ಸಾಮಿ!” ಅವರು ಒಬ್ಬರಿಗೊಬ್ಬರು ಕಣ್ಣು ಹೊಡೆದರು. ಮೂಲೆಗೊಬ್ಬರಂತೆ ಬಗ್ಗಿದರು. “ಏಲೇಲೋ!” ಎಂದದ್ದಷ್ಟೇ, ಅತ್ತೆ, ಅಳಿಯ, ಕೃಷ್ಣಾಜಿನ ಸಮೇತ ಕಾರು ನೆಲ ಬಿಟ್ಟು ಎದ್ದಿತು. ಉತ್ಸವದ ಪಲ್ಲಕ್ಕಿಯ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿತು.

“ಅಯ್ಯೋ ರಾಯರೇ!” ಅತ್ತೆ ಕೂಗಿ, ಕಿಟಕಿಯಾಚೆಗೆ ಸಿಕ್ಕಿದ್ದನ್ನು ಗಬಕ್ಕನೆ ಹಿಡಿದುಕೊಂಡಳು.

ಅದು ಬಾಳೆಹಣ್ಣಿನವಳ ಕೈ.

ಕಾರು ರಸ್ತೆಯ ಪಕ್ಕಕ್ಕೆ ಬಂದು ಮೆಲ್ಲಗೆ ಇಳಿಯಿತು. ಕೂಲಿಗಳು ನಕ್ಕು ಕೈ ಕೊಡವಿಕೊಂಡರು. ಬಾಳೆಹಣ್ಣಿನವಳು ಕೈ ಬಿಡಿಸಿಕೊಳ್ಳಲಿಲ್ಲ. “ಬಯಪ್ಪಡಾದೆ ಪಾಟ್ಟಿ, ನಾನ್ ಇರುಕ್ಕೇನಿಲ್ಲೆ,” ಹೆದರಬೇಡ, ನಾನಿದ್ದೀನಲ್ಲ ಎನ್ನುತ್ತ, ಇನ್ನೊಂದು ಕೈಯಿಂದ ಅತ್ತೆಯ ಮುಂಗೈ ತಟ್ಟಿದಳು. ಅತ್ತೆಯೂ ತಕ್ಷಣ ಬಿಡಲಿಲ್ಲ. ಎಷ್ಟೋ ವರ್ಷಗಳಿಂದ ಯಾರೂ ಅವಳ ಕೈಯನ್ನು ಹಾಗೆ ತಟ್ಟಿರಲಿಲ್ಲ.

ಹೆಂಗಸು ಬುಟ್ಟಿ ಸರಿಮಾಡಿಕೊಂಡು ಹೋದಳು. ಬದರಿನಾಥ ಚೋಕನ್ನು ಒಳಗೆ ತಳ್ಳಿದ. ಸ್ವಲ್ಪ ಹೊತ್ತು ಕಾದು ಸ್ಟಾರ್ಟರು ಒತ್ತಿದ. ಎಂಜಿನ್ನು ಏನೂ ಆಗದಂತೆ ಗುಂಯ್ ಎಂದಿತು. ಅತ್ತೆ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಕಾರು ತಿರುಗಿಸಲು ಜಾಗವಿದೆಯೇ ಎಂದು ಅವನು ಹಿಂದಿನ ರಸ್ತೆ ನೋಡಿದ. ಇಷ್ಟು ವರ್ಷ ಕಾಯಿಸಿ, ಅರ್ಧ ದಾರಿಯಲ್ಲಿ.

“ತಿರುಗಿಸಲಾ, ಅತ್ತೆ?”

ಅತ್ತೆ ಅಂಗೈಯನ್ನು ಮೂಗಿನ ಹತ್ತಿರ ತಂದಳು. “ರಸಬಾಳೆ,” ಎಂದಳು. ಆಮೇಲೆ ಮುಂದೆ ನೋಡುತ್ತ, “ನಡಿ ಮುಂದೆ. ಆ ಬಸ್ಸು ಎಲ್ಲಿ ಹೋಯ್ತೋ ನೋಡು.”

ತಿರುವೊಟ್ಟಿಯೂರು ಮುಟ್ಟುವಾಗ ಬಿಸಿಲೇರಿತ್ತು. ಮೇಕೆಮರಿಯ ಹಾರನ್ ಕೇಳಿ ಜಯಲಕ್ಷ್ಮೀಬಾಯಿ ನೈವೇದ್ಯದ ಅಡಿಗೆ ಬಿಟ್ಟು ಬಾಗಿಲಿಗೆ ಬಂದರು. ಚೌಕಟ್ಟು ಹಿಡಿದು ಕಣ್ಣು ಕಿರಿದು ಮಾಡಿದರು.

“ಯಾರದು? ಹತ್ತಿರ ಬರಬೇಡಿ, ಮಡೀಲಿದೀನಿ.”

“ನಾನಲ್ಲವೇ ಅಕ್ಕ,” ಎಂದಳು ರಮಾಬಾಯಿ. ಹೊಸಲು ದಾಟಿ, ಅಕ್ಕನ ಎರಡು ಕೈಗಳನ್ನೂ ತೆಗೆದುಕೊಂಡು ತನ್ನ ಕೆನ್ನೆಗಳ ಮೇಲಿಟ್ಟುಕೊಂಡಳು. ಆ ಬೆರಳುಗಳು ಮೂಗನ್ನು, ಹಣೆಯನ್ನು, ಗಲ್ಲದ ನರಹುಲಿಯನ್ನು ಒಂದೊಂದಾಗಿ ತಡವಿ ನೋಡಿದವು.

“ರಮೂ,” ಎಂದರು ಜಯಲಕ್ಷ್ಮೀಬಾಯಿ. “ಅಡಿಗೆ ಎಲ್ಲ ಹೋಯ್ತಲ್ಲೇ, ಮುಂಡೇದೆ!” ಎಂದು ನಗತೊಡಗಿದರು.

ಬೀದಿಯಲ್ಲಿ ಬದರಿನಾಥ ಒಣಗಿದ ಪಂಚೆಯ ತುದಿಯಿಂದ ಕಾರನ್ನು ಒರೆಸಲು ಬಗ್ಗಿದ. ಧೂಳು ಕೂತ ಬೆಣ್ಣೆ ಬಣ್ಣದ ಮೇಲೆ, ನಾಲ್ಕು ಮೂಲೆಗಳಲ್ಲೂ, ಕೂಲಿಗಳ ಅಗಲವಾದ ಕೈಗುರುತುಗಳು ಮೂಡಿದ್ದವು. ಒರೆಸದೆ ಬಿಟ್ಟ.

ಯಾರೂ ಮುಟ್ಟದ ಹಾಗೆ ಎಂದು ಅವನು ಕೊಟ್ಟ ಮಾತು ಉಳಿಯಲಿಲ್ಲ.