ಅರ್ಧ ಉಳಿಸುವ ಅಭ್ಯಾಸ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸಾಕುತಾಯಿ ಅಂತಲೇ ಕರೆಯುತ್ತಿದ್ದರು. ಪುಟ್ಟ ತಟ್ಟೆಗಳಲ್ಲಿ ಬೆಳೆಯುವ ನರಕೋಶಗಳಿಗೆ ಹನ್ನೊಂದು ವರ್ಷದಿಂದ ಆಹಾರದ ದ್ರವ ಹಾಕುತ್ತಿದ್ದವಳು ಅವಳೇ. ಗಂಡ ಹೋದ ಮೇಲೆ ಮನೆಯಲ್ಲಿ ಗೋಡೆಗಳ ಜೊತೆ ಮಾತಾಡಬೇಕು, ಇಲ್ಲಿ ತಟ್ಟೆಗಳ ಜೊತೆ. ತಟ್ಟೆಯೇ ವಾಸಿ. ತಳದ ತಂತಿಗಳನ್ನು ಸ್ಪೀಕರಿಗೆ ಜೋಡಿಸಿದರೆ, ಕೋಶಗಳು ಒಂದನ್ನೊಂದು ಕರೆಯುವುದು ಕಾದ ಬಾಣಲೆಗೆ ಹನಿ ಬಿದ್ದಂತೆ ಚಟಪಟ ಕೇಳಿಸುತ್ತಿತ್ತು.

ಅವು ಕರೆಯುವುದು ಗ್ಲುಟಮೇಟ್ ಎಂಬ ರಸದಿಂದ. ಒಂದು ಕೋಶ ಅದನ್ನು ಚೆಲ್ಲಿದರೆ ಇನ್ನೊಂದರ ಮೈಮೇಲಿನ ಗ್ರಾಹಕಗಳು ಬಾಗಿಲಿನಂತೆ ತೆರೆಯುತ್ತವೆ. ಅತಿಯಾದರೆ ಅಮೃತವೂ ವಿಷವಲ್ಲವೆ? ರಸ ಹೆಚ್ಚಾದರೆ ಬಾಗಿಲು ಮುಚ್ಚದೆ ಕೋಶ ಸಾಯುತ್ತದೆ. ಆ ಬಾಗಿಲಿಗೆ ಅಡ್ಡ ಕೂರುವ ಹೊಸ ಔಷಧಿಯನ್ನು ಪರೀಕ್ಷಿಸಿದ್ದರು. ರಸ ಸುರಿದರೂ ಕೋಶಗಳು ಸಾಯಲಿಲ್ಲ. ಆದರೆ ಐದು ದಿನವಾದರೂ ತುಟಿಪಿಟಕ್ಕೆನ್ನಲಿಲ್ಲ.

"ಬದುಕಿದ್ದೂ ಬಾಯಿಬಿಡದ ಕೋಶ ಯಾರಿಗೆ ಬೇಕಮ್ಮಾ? ಸೋಮವಾರ ತಟ್ಟೆ ಎಸೆದುಬಿಡಿ. ಈ ಔಷಧಿ ಕೈಬಿಡೋಣ," ಎಂದರು ವಿಜ್ಞಾನಿ.

"ಮಾತಾಡದವ್ರನ್ನೆಲ್ಲ ಎಸೆಯೋದಾದ್ರೆ ಮೊದ್ಲು ನನ್ನನ್ನೇ ಎಸೀಬೇಕು ಸಾರ್."

ಅವರು ನಕ್ಕರು. ಅವಳು ನಗಲಿಲ್ಲ.

ಮರುದಿನ ಭಾನುವಾರ ಒಬ್ಬಳೇ ಬಂದಳು. ಹಳೆಯ ದ್ರವ ಅರ್ಧ ತೆಗೆದು ಹೊಸದು ಅರ್ಧ ಹಾಕಿದಳು. ಒಂದೇ ಸಲಕ್ಕೆ ಪೂರ್ತಿ ಬದಲಿಸಿದರೆ ಕೋಶಗಳು ತಡೆಯಲಾರವು. ಅವಳ ಕೈಗೆ ಅಂಟಿದ ಅಭ್ಯಾಸ ಅದು. ತಟ್ಟನೆ ಕೈ ನಿಂತಿತು. ಅರ್ಧ ದ್ರವ ಉಳಿದರೆ ಔಷಧಿಯೂ ಅರ್ಧ ಉಳಿಯಿತಲ್ಲ! ಪರೀಕ್ಷೆಯಾದ ಮೇಲೆ ಇದು ಎರಡನೆಯ ಬದಲಾವಣೆ. ಕಾಲುಭಾಗ ಇನ್ನೂ ಬಾಗಿಲಲ್ಲೇ ಕೂತಿದೆ. ರಸವನ್ನು ಕೋಶಗಳೇ ಹೀರಿ ಮುಗಿಸಿದ್ದವು, ಔಷಧಿಯನ್ನು ಹೀರುವವರಿರಲಿಲ್ಲ. ಜೋಪಾನ ಮಾಡಲು ಹೋಗಿ ಬಾಯಿ ಕಟ್ಟಿದವಳು ತಾನೇ!

ಪಕ್ಕದ ಆರೋಗ್ಯವಂತ ತಟ್ಟೆಗಳಿಂದ ಕೋಶಗಳಿಗೆ ಒಗ್ಗಿದ ದ್ರವ ತಂದು, ಅರ್ಧ ಗಂಟೆಗೊಮ್ಮೆ ಅರ್ಧರ್ಧ ಬದಲಿಸಿದಳು. ಎಂಟು ಸಲ. ಸಂಜೆಗೆ ಸ್ಪೀಕರ್ ಒಮ್ಮೆ ಚಟ್ ಎಂದಿತು. ಸ್ಪೀಕರಿಗೆ ಕಿವಿಯಾನಿಸಿದಳು. ಮತ್ತೆರಡು. ಆಮೇಲೆ ಸಾಲುಸಾಲಾಗಿ.

ವಿಜ್ಞಾನಿಗೆ ಫೋನ್ ಮಾಡಿದಳು. ಆ ಕಡೆ ಮಕ್ಕಳ ಗಲಾಟೆ, ಪಾತ್ರೆಗಳ ಸದ್ದು.

"ತಪ್ಪು ನಂದೇ ಸಾರ್. ಔಷಧಿ ಪೂರ್ತಿ ಹೋಗಿರ್ಲಿಲ್ಲ. ಈಗ ಮಾತಾಡ್ತಾ ಇವೆ."

"ಹೌದಾ! ಹಾಗಾದ್ರೆ ಎಸೆಯೋದು ಬೇಡ, ಮತ್ತೆ ಪರೀಕ್ಷೆ ಮಾಡೋಣ. ರಜಾ ದಿನ ನಿಮಗ್ಯಾಕಮ್ಮಾ ಈ ಉಸಾಬರಿ? ಮನೆಗೆ ಹೋಗಿ."

"ಇನ್ನೊಂದೇ ಸಲ ಬದಲಿಸಿ ಹೊರಡ್ತೀನಿ," ಎಂದಳು.

ಇನ್ನು ಬದಲಿಸುವ ಅಗತ್ಯವೇನೂ ಇರಲಿಲ್ಲ.