ಎಂಟನೇ ಅಧ್ಯಾಯ

ಜಗಲಿಯಲ್ಲಿ ಮಲಗಿಸಿದ್ದ ತಮ್ಮನ ಹೆಣದ ಕಡೆ ತಿರುಗಿಯೂ ನೋಡದೆ ನಾಗಿ ನೇರ ಒಳಗೆ ನುಗ್ಗಿ ಪುಸ್ತಕದ ಕಪಾಟಿಗೆ ಕೈಹಾಕಿದಳು. ಕುಮಟೆಯ ಆ ಮನೆಯ ಮೆಟ್ಟಿಲು ತುಳಿಯದೆ ಇಪ್ಪತ್ತೆರಡು ವರ್ಷವಾಗಿತ್ತು. ಬಂದವಳು ಒಂದು ಹನಿ ಕಣ್ಣೀರಾದರೂ ಹಾಕಬೇಡವೇ?

"ಅವ ಬರೆದ ಕಾದಂಬರಿ ಯಾವ್ದೇ ನರ್ಮದಾ? ನನ್ನ ಸುದ್ದಿ ಇದ್ದದ್ದು ಓದು. ಅವನ್ನ ಎತ್ತೂಕಿಂತ ಮುಂಚೆ ನಾ ಕೇಳ್ಬೇಕು."

"ಈಗ ಬೇಡ ಅಕ್ಕಾ," ಎಂದಳು ತಮ್ಮನ ಹೆಂಡತಿ.

"ಮತ್ಯಾವಾಗ? ಹನ್ನೆರಡನೇ ದಿನದ ಊಟಕ್ಕೆ ಬಂದು ಕೇಳೂದಾ?"

"ನಿಮ್ಮ ಸುದ್ದಿ ಅದ್ರಲ್ಲಿ ಇಲ್ಲ."

"ಸುಳ್ಳು ಹೇಳ್ಬೇಡ. ಹನುಮಕ್ಕ ಹೇಳಿದ್ದಾಳೆ."

ನಾಗಿಯ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಅವಳ ನೆರೆಮನೆಯ ಹನುಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ಎಂತ ಓದಿದ್ನಾ ಮಾರಾಯ್ತಿ? ಮಾಸ್ತರ್ರು ಮನೆಯವ್ರ ಮೇಲೇ ಬರೆದ್ರಂತೆ ಅಂತ ಪೇಟೇಲಿ ಹೇಳ್ತಿದ್ರು. ಅದನ್ನೇ ನಿಂಗೆ ಹೇಳ್ದೆ."

ಏನು ಜನವಪ್ಪಾ! ಪುಸ್ತಕ ಬಿಡಿಸಿ ನೋಡಿದವರು ನಾಲ್ಕು ಮಂದಿಯಿಲ್ಲ, ಮಾತಾಡಿದವರು ಊರು ತುಂಬ.

*

ಮದುವೆಯಾದ ಎರಡನೇ ವರ್ಷ ನಾಗಿ ಕಾಗಾಲದ ಗಂಡನ ಮನೆಯ ಬಾವಿಗೆ ಬಿದ್ದಿದ್ದಳು. ಅಕ್ಕನನ್ನು ನೋಡಲು ಬಂದಿದ್ದ ತಮ್ಮ ಭಾಸ್ಕರನೇ ಹಗ್ಗ ಹಿಡಿದು ಇಳಿದು ಅವಳನ್ನು ಮೇಲೆತ್ತಿದ. ಕಾಲು ಜಾರಿತೆಂದು ಊರಿಗೆ ಹೇಳಿದಳು; ತಾನೇ ಹಾರಿದ್ದೆಂದು ಅವನೊಬ್ಬನಿಗೆ. ಯಾರಿಗೂ ಹೇಳುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ.

ಮುಂದೆ ಮಾಸ್ತರಾಗಿ, ಬರೆದ ಕಾದಂಬರಿ ಅಚ್ಚಾಯಿತೆಂದು ಅವನು ಅದನ್ನು ಹಿಡಿದು ಬಂದ ದಿನ, ಅಷ್ಟರಲ್ಲೇ ಹನುಮಕ್ಕನ ಮಾತು ಕೇಳಿದ್ದ ನಾಗಿ ಬಾಗಿಲು ತೆರೆಯಲಿಲ್ಲ.

"ನಿನ್ನ ಸುದ್ದಿ ಇಲ್ಲ ಅಕ್ಕಾ. ಯಾರ ಹತ್ರಾದ್ರೂ ಓದ್ಸಿ ನೋಡು," ಎಂದು ಹೊರಗಿನಿಂದಲೇ ಕೂಗಿದ.

ಯಾರ ಹತ್ತಿರ ಓದಿಸುವುದು? ಇದ್ದರೆ ಓದಿದವರಿಗೂ ಗೊತ್ತಾಗುವುದಿಲ್ಲವೇ?

*

"ಬರೆದದ್ದು ಹೌದು," ಎಂದಳು ನರ್ಮದಾ, ಕಪಾಟಿನಿಂದ ಪುಸ್ತಕ ತೆಗೆದುಕೊಡುತ್ತ. "ಇಡೀ ಕತೆ ನಿಂತದ್ದೇ ಆ ಬಾವಿ ಮೇಲೆ. ಅಚ್ಚಿಗೆ ಕೊಡೂ ಹಿಂದಿನ ದಿನ ಆ ಅಧ್ಯಾಯ ಹರಿದು ಬಚ್ಚಲೊಲೆಗೆ ಹಾಕಿದ್ರು. ಅಕ್ಕಂಗೆ ಮಾತು ಕೊಟ್ಟಿದ್ದೆ ಅಂದ್ರು. ಬೇರೆ ಎಂತಾದ್ರೂ ಬರೆದು ತುಂಬ್ಸಿ ಅಂದೆ. ಅದ್ರ ಜಾಗಕ್ಕೆ ಬೇರೆ ಎಂತದೂ ಬರೂದಿಲ್ಲ ಅಂದ್ರು. ನಡುವೆ ಕತೆ ಕುಂಟ್ತದೆ ಅಂತ ಓದಿದವ್ರೂ ಹೇಳಿದ್ರು. ಮತ್ತೆ ಅವ್ರು ಪೆನ್ನು ಮುಟ್ಟಲಿಲ್ಲ."

ನಾಗಿಗೆ ಅಕ್ಷರ ಬಾರದು. ಆದರೆ ಹೆದ್ದಾರಿಯ ಬದಿ ಕೂತು ಈರುಳ್ಳಿ ಗೊಂಚಲು ಮಾರಿದವಳಿಗೆ ಅಂಕಿ ಬರುತ್ತಿತ್ತು. ಒಂದೊಂದೇ ಹಾಳೆ ತಿರುವಿದಳು. ಆರು ಬಂತು, ಏಳು ಬಂತು. ಆಮೇಲೆ ಒಂಬತ್ತು. ಹಿಂದಕ್ಕೆ ಹೋಗಿ ಮತ್ತೆ ನೋಡಿದಳು. ಎಂಟು ಇರಲೇ ಇಲ್ಲ.

"ಅಯ್ಯೋ ತಮ್ಮಾ," ಎಂದಳು. "ನಾ ಆ ದಿನ ಬಾಗ್ಲು ತೆಗೀಬೇಕಿತ್ತಲ್ಲೋ."

"ನೀರು ಬಿಡೋರು ಬನ್ನಿ, ಹೊತ್ತಾತು," ಎಂದು ಜಗಲಿಯಿಂದ ಕರೆದರು.

ನಾಗಿ ಪುಸ್ತಕ ಕೆಳಗಿಡಲಿಲ್ಲ. ಏಳಕ್ಕೂ ಒಂಬತ್ತಕ್ಕೂ ನಡುವೆ ಎಡಗೈ ಬೆರಳು ಸಿಕ್ಕಿಸಿಕೊಂಡೇ ಹೋಗಿ, ಬಲಗೈಯಲ್ಲಿ ತಮ್ಮನ ಬಾಯಿಗೆ ತುಳಸಿ ನೀರು ಬಿಟ್ಟಳು. ಮುಚ್ಚಿದ ತುಟಿಯ ಮೇಲಿಂದ ನೀರು ಗಲ್ಲಕ್ಕೆ ಇಳಿಯಿತು. ಇನ್ನೊಮ್ಮೆ ಬಿಟ್ಟಳು. ಅದೂ ಇಳಿದುಹೋಯಿತು.